ಎಕ್ಸ್‌ಕ್ರೂಶಿಯೇಟಿಂಗ್: ಎಷ್ಟು ನೋವು ಅನ್ನುವ ಮೊದಲು ಎಂಥ ನೋವು ಅನ್ನಿ

ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಬೆಳಗ್ಗೆ ಆರಕ್ಕೆಲ್ಲ ರೇಷ್ಮೆಗೂಡು ಬೇಯುವ ವಾಸನೆ ಏಳುತ್ತದೆ. ಪಕ್ಕದ ಮನೆಯ ಅಜ್ಜಿ ಅರ್ಧ ಆಯಸ್ಸು ಆ ಬಿಸಿನೀರಿಗೆ ಬೆರಳಿಟ್ಟು ನೂಲು ಬಿಚ್ಚಿದವರು. ಕೈ ಬೆಂದರೂ ಸೊಲ್ಲೆತ್ತದ ಜೀವ. ಅಂಥವರು ಹೋದ ವರ್ಷ ಒಂದು ರಾತ್ರಿ ದವಡೆ ಅದುಮಿಕೊಂಡು ಜಗಲಿ ಮೇಲೆ ಕೂತೇ ಬೆಳಗು ಮಾಡಿದರು.

ಬೆಂಗಳೂರಿನಲ್ಲಿರುವ ಮೊಮ್ಮಗ ಮೊಬೈಲಿನಲ್ಲೇ ಡಾಕ್ಟರನ್ನು ಗೊತ್ತು ಮಾಡಿದ. ಅದಕ್ಕೊಂದು ಅರ್ಜಿ, ಅರ್ಜಿಯಲ್ಲಿ ತೊಂದರೆ ಬರೆಯಲು ಒಂದು ಖಾನೆ. ಹುಡುಗ ಎಲ್ಲೋ ಹುಡುಕಿ ಇಂಗ್ಲಿಷಿನಲ್ಲಿ ಒಂದು ಸಾಲು ಹಾಕಿದ್ದ: 'ಮೈ ಗ್ರ್ಯಾಂಡ್‌ಮದರ್ ಈಸ್ ಎಕ್ಸ್‌ಕ್ರೂಶಿಯೇಟಿಂಗ್.' ಪರದೆಯ ಮೇಲೆ ಬಂದ ಡಾಕ್ಟರಮ್ಮ ಅದನ್ನು ಓದಿ ನಗು ತಡೆದುಕೊಂಡದ್ದು ನನಗೂ ಕಂಡಿತು. ಇಂಗ್ಲಿಷ್ ಮೇಷ್ಟ್ರು ಅಂತ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡಿದ್ದರು. ಹುಡುಗನ ಸಾಲಿನ ಪ್ರಕಾರ ಅಜ್ಜಿಗೆ ನೋವಿಲ್ಲ, ಅಜ್ಜಿಯೇ ಸಹಿಸಲಾಗದ ನೋವು.

ಅದು ವ್ಯಾಕರಣದ ತಪ್ಪು, ತಿದ್ದಿದರೆ ಮುಗಿಯಿತು. ಇನ್ನೊಂದು ತಪ್ಪು ಅದಕ್ಕಿಂತ ದೊಡ್ಡದು, ಬಹಳ ಜನ ಮಾಡುವಂಥದ್ದು. ಆ ಪದ ನೋವು ಎಷ್ಟು ಅನ್ನುವುದನ್ನು ಮಾತ್ರ ಹೇಳುತ್ತದೆ. ಎಂಥದ್ದು ಅನ್ನುವುದನ್ನು ಹೇಳುವುದೇ ಇಲ್ಲ. ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆಯೂ ಅದೇ: "ಹೇಗೆ ನೋಯುತ್ತೆ ಅಜ್ಜಿ?"

ಹೆಜ್ಜೆ 1: ಬಾಯಿಗೆ ಕೂರಿಸಿಕೊಳ್ಳಿ

ಇಕ್ - ಸ್ಕ್ರೂ - ಶಿ - ಏ - ಟಿಂಗ್. ಒತ್ತು ಬೀಳಬೇಕಾದದ್ದು 'ಸ್ಕ್ರೂ' ಮೇಲೆ. ನಮ್ಮವರು ಸಾಮಾನ್ಯವಾಗಿ ಮೊದಲಕ್ಷರವನ್ನೇ ಒತ್ತಿ 'ಎಕ್ಸ್' ಅಂತ ಶುರು ಮಾಡಿ ಮಧ್ಯದಲ್ಲಿ ಉಸಿರು ಕಳೆದುಕೊಳ್ಳುತ್ತಾರೆ. ನನ್ನ ಮಕ್ಕಳಿಗೆ ನಾನು ಹೇಳಿಕೊಡುವುದು ಇಷ್ಟೇ: ಗೋಡೆಗೆ ಸ್ಕ್ರೂ ತಿರುಗಿಸುವುದನ್ನು ನೆನೆಸಿಕೊಳ್ಳಿ, ಆ ಸ್ಕ್ರೂ ಮಂಡಿಯೊಳಗೆ ತಿರುಗುತ್ತಿದೆ ಅಂದುಕೊಳ್ಳಿ. ಪದದ ಮೂಲಕ್ಕೂ ಸ್ಕ್ರೂಗೂ ಸಂಬಂಧವಿಲ್ಲ. ಆದರೆ ಉಚ್ಚಾರ ಮರೆಯುವುದಿಲ್ಲ.

ಬರೆಯುವಾಗ ಎಡವುವುದು 'ಶಿ' ಹತ್ತಿರ. ಅಲ್ಲಿ ಎಸ್ ಎಚ್ ಬರುವುದಿಲ್ಲ, ಸಿ ಮತ್ತು ಐ ಬರುತ್ತವೆ. ಸೋಶಿಯಲ್, ಸ್ಪೆಶಲ್ ಪದಗಳಲ್ಲಿ ಇರುವ ಅದೇ ಸಿ-ಐ. ಒಟ್ಟು 12 ಅಕ್ಷರ: excruciating.

ಹೆಜ್ಜೆ 2: ಬೇರು ಹಿಡಿಯಿರಿ, ತೂಕ ತಾನೇ ಗೊತ್ತಾಗುತ್ತದೆ

ಲ್ಯಾಟಿನ್ನಿನಲ್ಲಿ ಕ್ರಕ್ಸ್ ಅಂದರೆ ಶಿಲುಬೆ. ರೋಮನ್ನರು ಅಪರಾಧಿಗಳನ್ನು ಶಿಲುಬೆಗೆ ಏರಿಸಿ ಕೊಲ್ಲುತ್ತಿದ್ದರು. ಸಾವು ಬೇಗ ಬರಬಾರದು ಅನ್ನುವುದೇ ಆ ಶಿಕ್ಷೆಯ ಉದ್ದೇಶ. ಆ ಪದದಿಂದ ಹುಟ್ಟಿದ ಕ್ರಿಯಾಪದಕ್ಕೆ ಹಿಂಸಿಸು ಅನ್ನುವ ಅರ್ಥ ಬಂತು, ಮುಂದೆ 'ಎಕ್ಸ್' ಸೇರಿ ಅದು 'ಪೂರಾ ಹಿಂಡಿ ಹಾಕು' ಎಂದಾಯಿತು. ಎಕ್ಸ್‌ಕ್ರೂಶಿಯೇಟಿಂಗ್ ಅಂದವರು, ಗೊತ್ತಿದ್ದೋ ಗೊತ್ತಿಲ್ಲದೆಯೋ, ಶಿಲುಬೆ ಏರಿದವನ ನೋವು ಅನ್ನುತ್ತಿದ್ದಾರೆ.

ಇದನ್ನು ಪಾಠದಲ್ಲಿ ಹೇಳಿದಾಗ 9ನೇ ತರಗತಿಯ ಒಬ್ಬ ಹುಡುಗಿ ಎದ್ದು, "ಸಾರ್, ಹೊಟ್ಟೆಶೂಲೆ ಅಂತಾರಲ್ಲ, ಹಂಗಾ?" ಎಂದಳು. ಇಷ್ಟು ವರ್ಷದಲ್ಲಿ ನನಗೆ ಹೊಳೆಯದ್ದು ಅವಳಿಗೆ ಹೊಳೆದಿತ್ತು. ಶೂಲ ಅಂದರೆ ಚೂಪು ಈಟಿ. ಹಿಂದೆ ಅರಸರು ಅಪರಾಧಿಗಳನ್ನು ಏರಿಸುತ್ತಿದ್ದದ್ದೂ ಶೂಲಕ್ಕೇ. ಆಯುರ್ವೇದದವರು ಇರಿಯುವಂಥ ನೋವನ್ನು ಶೂಲ ಅಂದರು, ಮನೆಮಾತಿನಲ್ಲಿ ಅದು ಶೂಲೆ ಆಯಿತು: ಹೊಟ್ಟೆಶೂಲೆ, ತಲೆಶೂಲೆ, ಕಿವಿಶೂಲೆ. ಅವರು ಶಿಲುಬೆ ಹಿಡಿದರು, ನಾವು ಶೂಲ ಹಿಡಿದೆವು. ಕೊಲ್ಲುವ ಸಾಧನವೇ ಎರಡು ಕಡೆಯೂ ನೋವಿನ ಹೆಸರಾಗಿದೆ. ವ್ಯತ್ಯಾಸ ಒಂದಿದೆ. ಶೂಲೆ ಅಂದಾಗ ಇರಿತದ ರೀತಿಯೂ ಕಿವಿಗೆ ಬೀಳುತ್ತದೆ. ಇಂಗ್ಲಿಷ್ ಪದದಲ್ಲಿ ಶಿಲುಬೆ ಸವೆದು ಹೋಗಿ ಬರೀ ಪ್ರಮಾಣ ಉಳಿದಿದೆ.

ಅದೇ ಬೇರಿನ ಇನ್ನೊಂದು ಪದ ನಮ್ಮೂರ ಕಬಡ್ಡಿ ಹುಡುಗರಿಗೆಲ್ಲ ಗೊತ್ತು, ಗೊತ್ತಿದೆ ಅಂತ ಗೊತ್ತಿಲ್ಲ. ಮಂಡಿ ತಿರುಚಿಕೊಂಡು ಬಂದವನು 'ಎಸಿಎಲ್ ಹೋಗೈತೆ' ಅನ್ನುತ್ತಾನಲ್ಲ, ಅದರ ನಡುವಿನ ಸಿ ಅಂದರೆ ಕ್ರೂಶಿಯೇಟ್. ಮಂಡಿಯೊಳಗೆ ಎರಡು ಕಟ್ಟುನಾರು ಶಿಲುಬೆಯ ಹಾಗೆ ಒಂದನ್ನೊಂದು ಅಡ್ಡ ಹಾಯುವುದರಿಂದ ಆ ಹೆಸರು. ಅಲ್ಲಿ ಪದ ಆಕಾರವನ್ನು ಹೇಳುತ್ತಿದೆ, ನೋವನ್ನಲ್ಲ. ಅದು ಹರಿದಾಗ ಎರಡೂ ಅರ್ಥ ಒಟ್ಟಿಗೆ ಬರುತ್ತವೆ ಅನ್ನಿ.

ಹೆಜ್ಜೆ 3: ಏಣಿಯ ಯಾವ ಮೆಟ್ಟಿಲು?

ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ರೊನಾಲ್ಡ್ ಮೆಲ್ಝಾಕ್ 1975ರಲ್ಲಿ ಒಂದು ನೋವಿನ ಪ್ರಶ್ನಾವಳಿ ಪ್ರಕಟಿಸಿದರು. ರೋಗಿಗಳು ನೋವಿಗೆ ಬಳಸುವ 78 ಪದಗಳನ್ನು 20 ಗುಂಪು ಮಾಡಿ ಜೋಡಿಸಿದ್ದರು: ಬಡಿಯುವವು ಒಂದು ಕಡೆ, ಚುಚ್ಚುವವು ಒಂದು ಕಡೆ, ಉರಿಯುವವು ಇನ್ನೊಂದು ಕಡೆ, ಹೀಗೆ. ನಮ್ಮ ಪದ ಆ 78ರಲ್ಲಿ ಇಲ್ಲ! ಅದು ಸಿಗುವುದು ಪಕ್ಕದಲ್ಲಿಟ್ಟ ಪ್ರತ್ಯೇಕ ಅಳತೆಗೋಲಿನಲ್ಲಿ. ಸೊನ್ನೆ ಅಂದರೆ ನೋವಿಲ್ಲ. 1 ಮೈಲ್ಡ್, 2 ಡಿಸ್‌ಕಂಫರ್ಟಿಂಗ್, 3 ಡಿಸ್ಟ್ರೆಸಿಂಗ್, 4 ಹಾರಿಬಲ್, 5 ಎಕ್ಸ್‌ಕ್ರೂಶಿಯೇಟಿಂಗ್. ಅದರ ಮೇಲೆ ಮೆಟ್ಟಿಲಿಲ್ಲ.

ಕನ್ನಡದಲ್ಲಿ ಹೇಳುವುದಾದರೆ ಮೈಲ್ಡ್ ಅಂದರೆ 'ಅಷ್ಟೇನಿಲ್ಲ, ಇದೆ'. ಡಿಸ್‌ಕಂಫರ್ಟಿಂಗ್ ಅಂದರೆ ಕಿರಿಕಿರಿ. ಡಿಸ್ಟ್ರೆಸಿಂಗ್ ಬಂದರೆ ಕೆಲಸದ ಮೇಲೆ ಗಮನ ನಿಲ್ಲದು. ಎಕ್ಸ್‌ಕ್ರೂಶಿಯೇಟಿಂಗ್ ಅಂದರೆ ಯಮಯಾತನೆ, ಪ್ರಾಣ ಹೋಗಿಬಂದ ಹಾಗೆ. ನೀವು ಫೋನ್ ನೋಡುತ್ತಾ, ಪಕ್ಕದವರ ಜೊತೆ ಮಾತಾಡುತ್ತಾ ಆ ಪದ ಹೇಳಿದರೆ ಎದುರಿನವರು ನಂಬುವುದು ಕಷ್ಟ. ಮೂತ್ರಪಿಂಡದ ಕಲ್ಲು ಜಾರುವಾಗ ಪಕ್ಕೆಯಿಂದ ತೊಡೆಸಂದಿಗೆ ಇಳಿಯುವ ನೋವು, ಟ್ರೈಜೆಮಿನಲ್ ನ್ಯೂರಾಲ್ಜಿಯಾದಲ್ಲಿ ಮುಖದ ನರಕ್ಕೆ ಕರೆಂಟು ಹೊಡೆದಂಥ ನೋವು: ಡಾಕ್ಟರರು ತಾವೇ ಈ ಪದ ಬಳಸುವುದು ಇಂಥ ಕಡೆ.

ಸಿವಿಯರ್ ಆ ಅಳತೆಗೋಲಿನಲ್ಲಿ ಇಲ್ಲದಿದ್ದರೂ ತೂಕದಲ್ಲಿ ಇದಕ್ಕಿಂತ ಸ್ವಲ್ಪ ಕೆಳಗೆ, ನಿತ್ಯದ ಬಳಕೆಗೆ ಅದೇ ಸಾಕು. ಅಕ್ಯೂಟ್ ನೋವಿನ ಪ್ರಮಾಣ ಹೇಳುವ ಪದವೇ ಅಲ್ಲ. ರಿಪೋರ್ಟಿನಲ್ಲಿ 'ಅಕ್ಯೂಟ್' ಅಂತ ಕಂಡರೆ ಮನೆಮಂದಿ ಗಾಬರಿಯಾಗುತ್ತಾರೆ. ವೈದ್ಯರ ಭಾಷೆಯಲ್ಲಿ ಅದು ತಟ್ಟನೆ ಶುರುವಾದದ್ದು, ಹೊಸದು ಅಂತಷ್ಟೇ. ಕ್ರಾನಿಕ್ ಅಂದರೂ ಭಯಂಕರ ಅಂತಲ್ಲ. ಬಹುದಿನದ್ದು, ಸಾಮಾನ್ಯವಾಗಿ 3 ತಿಂಗಳು ದಾಟಿದ್ದು. ಬಾಗೇಪಲ್ಲಿ, ಪಾವಗಡ ಕಡೆಯ ಕೆಲವು ಕೊಳವೆಬಾವಿಗಳ ನೀರನ್ನು ನೆನೆಸಿಕೊಳ್ಳಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಒಪ್ಪಬಹುದು ಅನ್ನುತ್ತದೆ ಭಾರತೀಯ ಮಾನಕ. ಅದು ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದು ಕತ್ತು, ಸೊಂಟ, ಮಂಡಿ ಬಿಗಿ ಹಿಡಿದವರ ನೋವು ಕ್ರಾನಿಕ್. ಎಕ್ಸ್‌ಕ್ರೂಶಿಯೇಟಿಂಗ್ ಆಗದೆಯೂ ಬದುಕನ್ನು ತಿಂದುಹಾಕುವ ನೋವು ಅದು. ಅದಕ್ಕೆ ಏಕಿಂಗ್, ಸ್ಟಿಫ್ ಅನ್ನುವ ಸಾದಾ ಪದಗಳೇ ಸರಿ.

ಹೆಜ್ಜೆ 4: ಎಂಥ ನೋವು ಅನ್ನುವುದನ್ನು ಮೊದಲು ಕನ್ನಡದಲ್ಲಿ ಹುಡುಕಿ

ಇದೇ ಮುಖ್ಯ ಹೆಜ್ಜೆ, ಹಾಗಾಗಿ ಸ್ವಲ್ಪ ನಿಧಾನ.

ಆವತ್ತು ಅಜ್ಜಿ ಡಾಕ್ಟರಮ್ಮನಿಗೆ ಕೊಟ್ಟ ಮೊದಲ ಉತ್ತರ, "ನೋವು ಕಣಮ್ಮ, ತಡ್ಕೊಳಕ್ಕಾಗಲ್ಲ." ಇದೂ ಪ್ರಮಾಣವೇ. ನಾನು ಬಾಯಿ ಹಾಕಿದೆ.

"ಅಜ್ಜಿ, ಚುಚ್ತೈತಾ, ಉರೀತೈತಾ, ಎಳೀತೈತಾ?"

ಅಜ್ಜಿ ಕಣ್ಣು ಮುಚ್ಚಿ, ದವಡೆಯ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಕೂತರು. ಆಮೇಲೆ ಆ ಬೆರಳನ್ನೇ ಎತ್ತಿ, ಇಳಿಸಿ, ಎತ್ತಿ, ಇಳಿಸಿ ತಾಳ ಹಾಕಿದರು. "ಹಿಂಗೆ. ಡವ ಡವ ಅಂತ ಬಡ್ಕೊಂತೈತೆ. ಮಲಿಕ್ಕಂಡ್ರೆ ಜಾಸ್ತಿ, ಎದ್ದು ಕೂತ್ರೆ ಒಸಿ ಕಮ್ಮಿ."

ಡಾಕ್ಟರಮ್ಮ ಕೂಡಲೇ ಏನೋ ಬರೆದುಕೊಂಡರು. ಅಜ್ಜಿ ಹೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಥ್ರಾಬಿಂಗ್ ಅನ್ನುತ್ತಾರೆ, ನಾಡಿ ಮಿಡಿದ ಲಯಕ್ಕೆ ಬಡಿಯುವ ನೋವು. ಹಲ್ಲಿನ ಬುಡದಲ್ಲಿ ಕೀವು ಕಟ್ಟಿದಾಗ ಹೀಗೆ ಬಡಿಯುವುದು ಸಾಮಾನ್ಯ. ತಲೆ ತಗ್ಗಿದರೆ ರಕ್ತದ ಒತ್ತಡ ಅಲ್ಲಿ ಏರುವುದರಿಂದ ಮಲಗಿದಾಗ ಹೆಚ್ಚುತ್ತದೆ. ಒಂದು ಬೆರಳಿನ ತಾಳ ಇಷ್ಟೆಲ್ಲ ಹೇಳಿತು. 12 ಅಕ್ಷರದ ಪದ ಏನೂ ಹೇಳಿರಲಿಲ್ಲ.

ನಮ್ಮ ಮಾತಿನಲ್ಲಿ ನೋವಿನ ಬಗೆಗಳಿಗೆ ಬಡತನವಿಲ್ಲ. ಬಡಿಯುವುದು, ಮಿಡಿಯುವುದು, ತಲೆ ಸಿಡಿಯುವುದು ಥ್ರಾಬಿಂಗ್ ಅಥವಾ ಪೌಂಡಿಂಗ್. ನಮ್ಮ ತಾಲ್ಲೂಕುಗಳಲ್ಲಿ ಮನೆಯಲ್ಲಿ ತೆಲುಗು ಆಡುವವರು ಬಹಳ. ಅವರು 'ಸಲುಪು' ಅಂದರೂ ಇದೇ, 'ಮಂಟ' ಅಂದರೆ ಉರಿ. ಸೂಜಿ ಆಡಿಸಿದ ಹಾಗೆ ಚುಚ್ಚಿದರೆ ಪ್ರಿಕಿಂಗ್, ಚಾಕುವಿನಿಂದ ಇರಿದ ಹಾಗಿದ್ದರೆ ಸ್ಟ್ಯಾಬಿಂಗ್. ಸೊಂಟದಲ್ಲಿ ಹುಟ್ಟಿ ಕಾಲಿನುದ್ದಕ್ಕೆ ಮಿಂಚಿನ ಹಾಗೆ ಓಡಿದರೆ ಶೂಟಿಂಗ್. ಸಿನಿಮಾದ ಶೂಟಿಂಗಲ್ಲ, ಗುಂಡು ಹಾರಿದ ಹಾಗೆ ಅಂತ. ಹೊಟ್ಟೆ ನುಲಿಯುವುದು, ಹಿಂಡುವುದು, ಮೀನಖಂಡ ಗಂಟು ಕಟ್ಟುವುದು ಕ್ರ್ಯಾಂಪಿಂಗ್. ಬಿಸಿನೀರು ಬಿದ್ದ ಹಾಗೆ ಉರಿದರೆ ಬರ್ನಿಂಗ್. ಚೇಳು ಕುಟುಕಿದ ಹಾಗಿದ್ದರೆ ಸ್ಟಿಂಗಿಂಗ್. ಹೊಲದಲ್ಲಿ ದಿನವಿಡೀ ಟೊಮೇಟೊ ಕಿತ್ತು ಮಾರನೇ ದಿನ ಮೈಯೆಲ್ಲ ಒನಕೆಯಲ್ಲಿ ಕುಟ್ಟಿದ ಹಾಗಾದರೆ ಸೋರ್ ಅಥವಾ ಏಕಿಂಗ್. ಒಳಗೆಲ್ಲೋ ಮಂದವಾಗಿ, ಜಾಗ ತೋರಿಸಲಾಗದ ಹಾಗೆ ಇದ್ದರೆ ಡಲ್.

ಇಂಗ್ಲಿಷಿಗೆ ಸುಲಭವಾಗಿ ಸಿಗದವೂ ಇವೆ. 'ಚಳುಕು' ಅನ್ನುತ್ತೇವಲ್ಲ, ಬಗ್ಗಿ ಬಿಂದಿಗೆ ಎತ್ತುವಾಗ ಬೆನ್ನಿನಲ್ಲಿ ತಟ್ಟನೆ ಹಿಡಿದು ಉಸಿರು ನಿಲ್ಲಿಸುವುದು. ಅದಕ್ಕೆ ಒಂದೇ ಪದ ಹುಡುಕುವುದು ಬಿಟ್ಟು 'ಸಡನ್ ಶಾರ್ಪ್ ಪೇನ್ ವೆನ್ ಐ ಬೆಂಡ್' ಅಂದುಬಿಡಿ. ಜೋಮು ಹಿಡಿಯುವುದನ್ನು ನೋವಿನ ಲೆಕ್ಕಕ್ಕೆ ಸೇರಿಸಬೇಡಿ, ಸ್ಪರ್ಶವೇ ತಿಳಿಯದಿದ್ದರೆ ನಂಬ್‌ನೆಸ್, ಇರುವೆ ಹರಿದ ಹಾಗೆ ಜುಮುಜುಮು ಅಂದರೆ ಟಿಂಗ್ಲಿಂಗ್. ಇವೆರಡೂ ನರದ ಕಡೆ ಬೆರಳು ತೋರಿಸುತ್ತವೆ, ಹಾಗಾಗಿ ಬಿಡಿಸಿ ಹೇಳುವುದೇ ಒಳ್ಳೆಯದು.

ಟೆಂಡರ್ ಅನ್ನುವ ಪದದ ಬಗ್ಗೆ ಒಂದು ಮಾತು. ಎಳನೀರು ಮಾರುವವರ ಬೋರ್ಡಿನಲ್ಲಿ ಟೆಂಡರ್ ಅಂದರೆ ಎಳೆಯದು. ಡಾಕ್ಟರರ ಚೀಟಿಯಲ್ಲಿ ಅದು 'ಮುಟ್ಟಿದರೆ ನೋಯುವುದು'. ಹಳೇ ಶೈಲಿಯ ವೈದ್ಯರು 'ಎಕ್ಸ್‌ಕ್ವಿಸಿಟ್ ಟೆಂಡರ್‌ನೆಸ್' ಅಂತಲೂ ಬರೆಯುತ್ತಾರೆ. ಎಕ್ಸ್‌ಕ್ವಿಸಿಟ್ ಅಂದರೆ ಸೊಗಸಾದ ಅಂತ ಶಾಲೆಯಲ್ಲಿ ಕಲಿತವರು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಅಲ್ಲಿ ಅದರ ಅರ್ಥ ವಿಪರೀತ, ಬೆರಳು ತಾಕಿದರೆ ಜಿಗಿದು ಬೀಳುವಷ್ಟು.

ಹೆಜ್ಜೆ 5: ವಾಕ್ಯದಲ್ಲಿ ಕೂರಿಸುವುದು

ಈಗ ಮೊಮ್ಮಗನ ವ್ಯಾಕರಣಕ್ಕೆ ಬರೋಣ. ಇದನ್ನು ಕನ್ನಡದ 'ಇಸು' ಪ್ರತ್ಯಯ ಹಿಡಿದು ಕಲಿತರೆ ತಪ್ಪುವುದೇ ಇಲ್ಲ. ನೋಯುವುದು ಬೇರೆ, ನೋಯಿಸುವುದು ಬೇರೆ. ಎಕ್ಸ್‌ಕ್ರೂಶಿಯೇಟಿಂಗ್ ನೋಯಿಸುವ ಕಡೆಯ ಪದ. ಹಾಗಾಗಿ ಅದನ್ನು ನೋವಿಗೆ ಅಂಟಿಸಬೇಕು, ನೋಯುವ ಮನುಷ್ಯರಿಗಲ್ಲ. 'ಐ ಆಮ್ ಬೋರಿಂಗ್' ಅಂದರೆ ನಾನು ಬೇಜಾರು ಹಿಡಿಸುವವನು ಅಂತಾಗುತ್ತದಲ್ಲ, ಅದೇ ಗುಂಡಿ. 'ಐ ಆಮ್ ಪೇನ್‌ಫುಲ್' ಕೂಡ ಅದೇ ಗುಂಡಿ.

ಸರಿಯಾದವು ಹೀಗಿರುತ್ತವೆ: 'ದಿ ಪೇನ್ ಈಸ್ ಎಕ್ಸ್‌ಕ್ರೂಶಿಯೇಟಿಂಗ್.' 'ಶಿ ಈಸ್ ಇನ್ ಎಕ್ಸ್‌ಕ್ರೂಶಿಯೇಟಿಂಗ್ ಪೇನ್.' ಎರಡನೆಯದರಲ್ಲಿ 'ಇನ್' ಬಿಟ್ಟರೆ ವಾಕ್ಯ ಬೀಳುತ್ತದೆ. ಇಂಗ್ಲಿಷಿನವರ ಲೆಕ್ಕದಲ್ಲಿ ಮನುಷ್ಯ ನೋವಿನೊಳಗೆ ಇರುತ್ತಾನೆ. ನಮಗೆ ನೋವು ಬರುತ್ತದೆ, ಆಗುತ್ತದೆ, ಕಾಣಿಸಿಕೊಳ್ಳುತ್ತದೆ.

'ವೆರಿ ಎಕ್ಸ್‌ಕ್ರೂಶಿಯೇಟಿಂಗ್' ಬೇಡ. ತುತ್ತತುದಿಯಲ್ಲಿ ನಿಂತ ಪದಕ್ಕೆ 'ತುಂಬಾ' ಸೇರಿಸಲು ಜಾಗವಿಲ್ಲ, 'ತುಂಬಾ ಯಮಯಾತನೆ' ಅಂದ ಹಾಗಾಗುತ್ತದೆ. ಒತ್ತಿ ಹೇಳಲೇಬೇಕಾದರೆ 'ಆ್ಯಬ್ಸಲ್ಯೂಟ್ಲಿ' ಸೇರಿಸಬಹುದು. ಕೊನೆಗೆ ಎಲ್‌ವೈ ಹಚ್ಚಿದರೆ ಕ್ರಿಯಾವಿಶೇಷಣ: 'ಎಕ್ಸ್‌ಕ್ರೂಶಿಯೇಟಿಂಗ್ಲಿ ಪೇನ್‌ಫುಲ್'. ಮೂಲದ ಎಕ್ಸ್‌ಕ್ರೂಶಿಯೇಟ್ ಅನ್ನುವ ಕ್ರಿಯಾಪದ ನಿಘಂಟಿನಲ್ಲಿದೆ, ಬಾಯಲ್ಲಿಲ್ಲ. ಮುಟ್ಟಲು ಹೋಗಬೇಡಿ.

'ಮೈ ಲೆಗ್ ಈಸ್ ಪೇನಿಂಗ್' ಬಗ್ಗೆ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ನನ್ನ ಅಭಿಪ್ರಾಯ: ಚಿಂತಾಮಣಿಯ ಕ್ಲಿನಿಕ್ಕಿನಲ್ಲಿ ಧಾರಾಳವಾಗಿ ಹೇಳಿ, ಡಾಕ್ಟರಿಗೆ ಅರ್ಥವಾಗುತ್ತದೆ, ಅವರೂ ಹಾಗೇ ಹೇಳುತ್ತಾರೆ. ಪರೀಕ್ಷೆಯಲ್ಲಿ, ಹೊರದೇಶದವರ ಹತ್ತಿರ 'ಮೈ ಲೆಗ್ ಹರ್ಟ್ಸ್' ಅನ್ನಿ.

ಹೆಜ್ಜೆ 6: ಎಲ್ಲಿ ಬೇಡ

ರಜಾ ಅರ್ಜಿಯಲ್ಲಿ ಬೇಡ. 'ಆಸ್ ಐ ಆಮ್ ಸಫರಿಂಗ್ ಫ್ರಂ ಫೀವರ್' ಅನ್ನುವ ಸಾಲು ತಲೆತಲಾಂತರದಿಂದ ಬಂದಿದೆ, ಅಲ್ಲಿಗೆ ಇದನ್ನು ತುರುಕಿದರೆ ಹೆಡ್‌ಮಾಸ್ಟರು ಅಪ್ಪನಿಗೆ ಫೋನ್ ಮಾಡುತ್ತಾರೆ. 'ಸಿವಿಯರ್ ಸ್ಟಮಕ್ ಏಕ್' ಸಾಕು. ವಿಮೆಯ ಅರ್ಜಿಯಲ್ಲೂ ವಿಶೇಷಣಕ್ಕಿಂತ ಜಾಗ, ದಿನಾಂಕ, ಎಷ್ಟು ಹೊತ್ತು ಅನ್ನುವುದೇ ಕೆಲಸಕ್ಕೆ ಬರುತ್ತದೆ.

ಇನ್ನೊಂದು ಕಡೆ ಈ ಪದ ಜೀವಕ್ಕೇ ಕುತ್ತಾಗಬಹುದು. ಹೃದಯಾಘಾತದ ನೋವು ಎಕ್ಸ್‌ಕ್ರೂಶಿಯೇಟಿಂಗ್ ಆಗಿಯೇ ಇರಬೇಕಿಲ್ಲ. ಎದೆ ಮೇಲೆ ಕಲ್ಲು ಹೇರಿದ ಹಾಗೆ, ಹಗ್ಗ ಬಿಗಿದ ಹಾಗೆ ಅಂತ ಎಷ್ಟೋ ಜನ ಹೇಳುತ್ತಾರೆ. ಕೆಲವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆಯವರಿಗೆ, ನೋವೇ ತೀರ ಕಡಿಮೆ ಇರುವುದುಂಟು. 'ಅಷ್ಟೇನೂ ನೋಯ್ತಿಲ್ಲ, ಗ್ಯಾಸು' ಅಂತ ಸೋಡಾ ಕುಡಿದು ಮಲಗುವುದು ಇಂಥ ಕಡೆಯೇ. ಎದೆ ಬಿಗಿತದ ಜೊತೆ ಬೆವರು, ಎಡತೋಳಿಗೋ ದವಡೆಗೋ ಹರಿಯುವ ನೋವು, ಉಸಿರಿನ ತೊಂದರೆ ಇದ್ದರೆ ಪದ ಹುಡುಕಬೇಡಿ, 108ಕ್ಕೆ ಫೋನ್ ಮಾಡಿ. ಹಿಂದೆಂದೂ ಬಾರದಷ್ಟು ತಲೆನೋವು ಒಂದು ನಿಮಿಷದೊಳಗೆ ಸಿಡಿಲಿನ ಹಾಗೆ ಎರಗಿದರೂ ಅಷ್ಟೇ.

ಹೆಜ್ಜೆ 7: ಮೈನೋವಿಲ್ಲದ ಕಡೆ

ಕಥೆ, ವರದಿ, ಹರಟೆಗಳಲ್ಲಿ ಈ ಪದ ಬೇರೆ ವೇಷದಲ್ಲಿ ಬರುತ್ತದೆ. 'ಇನ್ ಎಕ್ಸ್‌ಕ್ರೂಶಿಯೇಟಿಂಗ್ ಡೀಟೇಲ್' ಅಂದರೆ ಕೇಳುವವರ ಜೀವ ಹಿಂಡುವಷ್ಟು ವಿವರವಾಗಿ. ನಮ್ಮ ನೆಂಟರೊಬ್ಬರು ತಮ್ಮ ಗಾಲ್‌ಬ್ಲಾಡರ್ ಆಪರೇಷನ್ನನ್ನು ಪ್ರತಿ ಮದುವೆಯಲ್ಲೂ, ಊಟದ ಎಲೆ ಮುಂದೆಯೇ, ಹೀಗೆ ಹೇಳುತ್ತಾರೆ. 'ಎಕ್ಸ್‌ಕ್ರೂಶಿಯೇಟಿಂಗ್ಲಿ ಸ್ಲೋ' ಅಂದರೆ ಪ್ರಾಣ ತೆಗೆಯುವ ನಿಧಾನ. ವೇದಿಕೆಯ ಮೇಲೆ ಭಾಷಣಕಾರರು ಸನ್ಮಾನಿತರ ಹೆಸರನ್ನೇ ಮರೆತು ನಿಂತಾಗ ಸಭೆಯಲ್ಲಿ ಹರಡುವ ಮೌನವೂ ಎಕ್ಸ್‌ಕ್ರೂಶಿಯೇಟಿಂಗ್. ಇಲ್ಲೆಲ್ಲ ಅದು ಸೊಗಸಾಗಿ ಕೂರುತ್ತದೆ, ನನ್ನನ್ನು ಕೇಳಿದರೆ ಆಸ್ಪತ್ರೆಗಿಂತ ಇಲ್ಲೇ ಹೆಚ್ಚು.

ಅಜ್ಜಿಯ ಹಲ್ಲು ಮೂರನೇ ದಿನ ಕಿತ್ತರು. ಅದಕ್ಕೆ ಮೊದಲು ಊತ ಇಳಿಯಲು ಮಾತ್ರೆ. ವಾರ ಕಳೆದ ಮೇಲೆ ಜಗಲಿ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನನ್ನನ್ನು ಕಂಡು ಕರೆದರು.

"ಮೇಷ್ಟ್ರೇ, ನಮ್ಮುಡುಗ ನನ್ ನೋವಿಗೆ ಅದೇನೋ ಉದ್ದಕ್ಕೆ ಬರ್ದಿದ್ನಲ್ಲ, ಏನದು?"

ಹೇಳಿದೆ. ಅಜ್ಜಿ ಬಾಯಲ್ಲಿ ಒಂದು ಸಲ ಆಡಿಸಿ ನೋಡಿದರು, ಹಲ್ಲಿಲ್ಲದ ಕಡೆ ಗಾಳಿ ಹೋಯಿತು. ಎರಡನೇ ಸಲಕ್ಕೆ ನಡುವಿನ ಒಂದು ತುಂಡು ಮಾತ್ರ ಉಳಿಸಿಕೊಂಡರು.

"ಸ್ಕ್ರೂ," ಅಂದರು. "ಹೂಂ, ಹಂಗೇ ಇತ್ತು ಬಿಡಪ್ಪ."